ಬೆಂಗಳೂರಿನ ಬಾಡಿಗೆ ಮನೆ ಅಡ್ವಾನ್ಸ್: ಕೊಡುವ ಮೊದಲು, ಕೊಟ್ಟ ಮೇಲೆ, ವಾಪಸ್ ಪಡೆಯುವಾಗ

ಬಾಡಿಗೆ ಮನೆ ನೋಡಲು ಹೋದವರು ಮೊದಲು ಕೇಳುವುದು ಬಾಡಿಗೆ ಎಷ್ಟು ಅಂತ. ಆಮೇಲೆ ಅಡ್ವಾನ್ಸ್ ಎಷ್ಟು ಅಂತ. ನಿಜ ಹೇಳಬೇಕೆಂದರೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಾದದ್ದು ಎರಡನೆಯದರ ಬಗ್ಗೆ. ಬಾಡಿಗೆ ತಿಂಗಳು ತಿಂಗಳು ಹೋಗುತ್ತದೆ, ಲೆಕ್ಕ ಮುಗಿಯುತ್ತದೆ. ಅಡ್ವಾನ್ಸ್ ಮಾತ್ರ ವರ್ಷಗಟ್ಟಲೆ ಇನ್ನೊಬ್ಬರ ಕೈಯಲ್ಲಿ ಇರುವ ನಿಮ್ಮ ದುಡ್ಡು.

ಒಂದು ವಿಷಯ ಮೊದಲೇ ತಿಳಿದಿದ್ದರೆ ಮುಂದಿನದೆಲ್ಲ ಸುಲಭ. ನೀವು ಕೊಟ್ಟ ಅಡ್ವಾನ್ಸ್ ಓನರ್ ಮನೆ ಬೀರುವಿನಲ್ಲಿ ಕೂತಿರುವುದಿಲ್ಲ. ಎಷ್ಟೋ ಸಲ ಅದು ಅದೇ ವಾರ ಹಳೇ ಬಾಡಿಗೆದಾರರ ಖಾತೆಗೆ ಹೋಗಿರುತ್ತದೆ. ಇಲ್ಲವೇ ಸಾಲದ ಕಂತಿಗೋ ಮೇಲಿನ ಮಹಡಿ ಕಟ್ಟುವುದಕ್ಕೋ ಖರ್ಚಾಗಿರುತ್ತದೆ. ನೀವು ಮನೆ ಬಿಡುವಾಗ ನಿಮಗೆ ಬರುವುದು ನಿಮ್ಮ ನಂತರ ಬರುವವರ ಅಡ್ವಾನ್ಸ್. "ಹೊಸಬರು ಬರಲಿ, ಕೊಡ್ತೀನಿ" ಅನ್ನುವ ಮಾತು ಹುಟ್ಟುವುದೇ ಇಲ್ಲಿ. ಹಾಗೆ ಹೇಳಿದ ಓನರ್ ಮೋಸಗಾರನೇ ಆಗಿರಬೇಕೆಂದಿಲ್ಲ, ಕೈಯಲ್ಲಿ ದುಡ್ಡಿರುವುದಿಲ್ಲ ಅಷ್ಟೇ. ಆದರೆ ಅವರ ಕೈ ಖಾಲಿ ಆಗಿರುವುದಕ್ಕೆ ನೀವು ಹೊಸ ಮನೆಯ ಅಡ್ವಾನ್ಸಿಗೆ ಸಾಲ ಮಾಡಬೇಕಾಗುತ್ತದೆ.

ಕಾನೂನು ಎಷ್ಟು ಕಾಪಾಡುತ್ತದೆ?

"ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಅಡ್ವಾನ್ಸ್ ಕೇಳುವಂತಿಲ್ಲ, ಹೊಸ ಕಾನೂನು ಬಂದಿದೆ" ಅನ್ನುವ ಮೆಸೇಜ್ ಆಗಾಗ ವಾಟ್ಸಾಪ್‌ನಲ್ಲಿ ಸುತ್ತುತ್ತಿರುತ್ತದೆ. ಅದರ ಮೂಲ 2021ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ. ವಾಸದ ಮನೆಗೆ ಎರಡು ತಿಂಗಳು, ಅಂಗಡಿ ಕಚೇರಿಗೆ ಆರು ತಿಂಗಳು ಅಂತ ಅದರಲ್ಲಿ ಮಿತಿ ಇದೆ, ನಿಜ. ಆದರೆ ಅದು ಮಾದರಿ ಮಾತ್ರ. ಯಾವ ರಾಜ್ಯ ಅದನ್ನು ತನ್ನ ಕಾಯ್ದೆಯಾಗಿ ಮಾಡಿಕೊಳ್ಳುತ್ತದೋ ಅಲ್ಲಿ ಮಾತ್ರ ನಡೆಯುತ್ತದೆ. ಕರ್ನಾಟಕ ಹಾಗೆ ಮಾಡಿಕೊಂಡಿಲ್ಲ. ಓನರ್ ಮುಂದೆ ಈ ಮೆಸೇಜ್ ಹಿಡಿದು ವಾದಕ್ಕೆ ಇಳಿದರೆ ಮನೆ ಕೈತಪ್ಪುತ್ತದೆ, ಅಷ್ಟೇ.

ನಮ್ಮದೇ ಕರ್ನಾಟಕ ಬಾಡಿಗೆ ಕಾಯ್ದೆ, 1999 ಇದೆಯಲ್ಲ ಅಂದರೆ, ಅದು ಬೆಂಗಳೂರಿನಂಥ ಊರಿನಲ್ಲಿ ತಿಂಗಳಿಗೆ 3,500 ರೂಪಾಯಿ ದಾಟಿದ ಬಾಡಿಗೆಗೆ ಅನ್ವಯಿಸುವುದಿಲ್ಲ. ಇವತ್ತು ಅಷ್ಟರೊಳಗೆ ಒಂದು ರೂಮು ಸಿಗುವುದೂ ಕಷ್ಟ. ಹಾಗಾಗಿ ನಿಮ್ಮನ್ನು ಕಾಯುವುದು ಎರಡೇ. ಒಂದು ನೀವು ಸಹಿ ಹಾಕಿದ ಅಗ್ರಿಮೆಂಟ್. ಇನ್ನೊಂದು 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಅಗ್ರಿಮೆಂಟಿನಲ್ಲಿ ಬರೆಯದೇ ಬಿಟ್ಟ ಕಡೆ ಈ ಹಳೇ ಕಾಯ್ದೆ ಕೆಲಸಕ್ಕೆ ಬರುತ್ತದೆ.

ಹಂತ 1: ಟೋಕನ್ ಕೊಡುವ ಮೊದಲೇ ಚೌಕಾಸಿ

ಬೆಂಗಳೂರಿನ ಹಳೇ ಪದ್ಧತಿ ಹತ್ತು ತಿಂಗಳ ಬಾಡಿಗೆ. ಈಗ ಐದಾರು ತಿಂಗಳಿಗೆ ಒಪ್ಪುವವರು ಬಹಳ ಜನ ಇದ್ದಾರೆ. ಅಪಾರ್ಟ್‌ಮೆಂಟ್‌ಗಳಲ್ಲಿ ಎರಡು ಮೂರು ತಿಂಗಳಿಗೂ ಸಿಗುತ್ತದೆ. ಹತ್ತು ಅಂದ ಕೂಡಲೇ ಹೂಂ ಅನ್ನಬೇಡಿ.

ಅಡ್ವಾನ್ಸ್ ಬಡ್ಡಿಯಿಲ್ಲದ ಸಾಲ ಅನ್ನುವುದನ್ನು ಲೆಕ್ಕ ಹಾಕಿ ನೋಡಿ. ಬಾಡಿಗೆ 22,000, ಅಡ್ವಾನ್ಸ್ 2,20,000 ಅಂದುಕೊಳ್ಳಿ. ಬ್ಯಾಂಕಿನಲ್ಲಿ ಶೇ 6.5ರ ಬಡ್ಡಿಗೆ ಇಟ್ಟಿದ್ದರೂ ವರ್ಷಕ್ಕೆ 14,300 ಬರುತ್ತಿತ್ತು. ಅಂದರೆ ಮನೆಯ ನಿಜವಾದ ಬಾಡಿಗೆ ಸುಮಾರು 23,200. ಅದೇ ಬೀದಿಯಲ್ಲಿ 22,500 ಬಾಡಿಗೆ, ಮೂರು ತಿಂಗಳ ಅಡ್ವಾನ್ಸ್ ಅನ್ನುವ ಮನೆ ಇದ್ದರೆ ಅದೇ ಅಗ್ಗ, ಅಪಾಯವೂ ಕಡಿಮೆ. ಓನರ್‌ಗೆ ಅಡ್ವಾನ್ಸ್ ಇಳಿಸಲು ಮನಸ್ಸಿಲ್ಲದಿದ್ದರೆ, ಐದು ನೂರು ಬಾಡಿಗೆ ಜಾಸ್ತಿ ಮಾಡಿ ಅಡ್ವಾನ್ಸ್ ಇಳಿಸಿ ಅಂತ ಕೇಳಿ. ಎಷ್ಟೋ ಜನ ಒಪ್ಪುತ್ತಾರೆ.

ಟೋಕನ್, ಅಂದರೆ ಮನೆ ಹಿಡಿದಿಡಲು ಮೊದಲು ಕೊಡುವ ಸ್ವಲ್ಪ ದುಡ್ಡು, ಕೊಟ್ಟ ಮೇಲೆ ಈ ಮಾತಿಗೆ ಬೆಲೆ ಇರುವುದಿಲ್ಲ. ಪೇಂಟಿಂಗ್, ನೋಟಿಸ್, ವರ್ಷಕ್ಕೆ ಎಷ್ಟು ಬಾಡಿಗೆ ಏರಿಕೆ, ಇವೂ ಅಷ್ಟೆ. ಎಲ್ಲ ಮಾತಾಡಿ, "ಹೀಗೆ ಒಪ್ಪಿದ್ದೇವೆ" ಅಂತ ಓನರ್‌ಗೆ ಒಂದು ಮೆಸೇಜ್ ಹಾಕಿ, ಆಮೇಲೆ ಟೋಕನ್. ಅದೇ ಮೆಸೇಜಿನಲ್ಲಿ, ಓನರ್ ಕಡೆಯಿಂದ ಮನೆ ತಪ್ಪಿದರೆ ಟೋಕನ್ ವಾಪಸ್ ಅನ್ನುವುದೂ ಇರಲಿ.

ಹಂತ 2: ಎದುರಿಗಿರುವವರು ನಿಜವಾಗಿ ಓನರಾ?

ಕರೆಂಟ್ ಬಿಲ್ ಮತ್ತು ಆಸ್ತಿ ತೆರಿಗೆ ರಸೀದಿ ತೋರಿಸಿ ಅಂತ ಕೇಳಿ. ಹೆಸರು, ವಿಳಾಸ ಹೊಂದಬೇಕು. ಬೇರೆಯವರ ಹೆಸರಿದ್ದರೆ, "ಅಪ್ಪಾಜಿ ಹೆಸರಲ್ಲಿದೆ" ಅನ್ನುತ್ತಾರೆ. ಇರಬಹುದು. ಹಾಗಾದರೆ ಅಗ್ರಿಮೆಂಟಿಗೆ ಅಪ್ಪಾಜಿಯವರೇ ಸಹಿ ಹಾಕಲಿ, ದುಡ್ಡೂ ಅವರ ಖಾತೆಗೇ ಹೋಗಲಿ. ಇಲ್ಲವೇ ಅಧಿಕಾರ ಪತ್ರ ತೋರಿಸಲಿ. ಅಪ್ಪಾಜಿ ತೀರಿಕೊಂಡು ಅಣ್ಣತಮ್ಮಂದಿರ ನಡುವೆ ಪಾಲಿನ ಜಗಳ ಇದ್ದರೆ, ನಿಮ್ಮ ಅಡ್ವಾನ್ಸ್ ಆ ಜಗಳದ ಮಧ್ಯೆ ಸಿಕ್ಕಿಹಾಕಿಕೊಳ್ಳುತ್ತದೆ. ಪಕ್ಕದ ಮನೆಯವರನ್ನು, ಕೆಳಗಿನ ಅಂಗಡಿಯವರನ್ನು ಸುಮ್ನೆ ಒಂದು ಮಾತು ಕೇಳಿ. ಸಾಧ್ಯವಾದರೆ ಖಾಲಿ ಮಾಡುತ್ತಿರುವ ಬಾಡಿಗೆದಾರರನ್ನೂ ಕೇಳಿ. ಓನರ್ ಅಡ್ವಾನ್ಸ್ ಹೇಗೆ ಕೊಡುತ್ತಾರೆ ಅನ್ನುವುದಕ್ಕೆ ಅವರಿಗಿಂತ ಒಳ್ಳೆ ಸಾಕ್ಷಿ ಇಲ್ಲ.

ಆನ್‌ಲೈನ್ ಜಾಹೀರಾತು ಹಾಕಿ, "ನಾನು ಸೇನೆಯಲ್ಲಿದ್ದೇನೆ, ಊರಲ್ಲಿಲ್ಲ, ಟೋಕನ್ ಹಾಕಿದರೆ ಕೀ ಕಳಿಸುತ್ತೇನೆ" ಅನ್ನುವವರಿಗೆ ಒಂದು ರೂಪಾಯಿಯೂ ಬೇಡ. ಮನೆಯೊಳಗೆ ಕಾಲಿಡದೆ ದುಡ್ಡಿಲ್ಲ.

ಹಂತ 3: ದುಡ್ಡು ಬ್ಯಾಂಕಿನಿಂದಲೇ ಹೋಗಲಿ

ಅರ್ಧ ಕ್ಯಾಶ್ ಕೊಡಿ ಅನ್ನುವ ಓನರ್‌ಗಳು ಇದ್ದಾರೆ. ಒಪ್ಪಬೇಡಿ. ಒಂದೇ ವ್ಯವಹಾರದಲ್ಲಿ 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ತೆಗೆದುಕೊಳ್ಳುವುದನ್ನು ಆದಾಯ ತೆರಿಗೆ ಕಾನೂನೇ ನಿಷೇಧಿಸಿದೆ, ದಂಡ ಬೀಳುವುದು ತೆಗೆದುಕೊಂಡವರಿಗೆ. ಇದನ್ನು ನಯವಾಗಿ ಹೇಳಿದರೆ ಸಾಕು. ಯುಪಿಐ ಅಥವಾ ಬ್ಯಾಂಕ್ ವರ್ಗಾವಣೆ ಮಾಡುವಾಗ ವಿವರದ ಜಾಗದಲ್ಲಿ "ಮನೆ ಅಡ್ವಾನ್ಸ್" ಅಂತ ಬರೆಯಿರಿ. ಟೋಕನ್ ಕೊಟ್ಟಿದ್ದು ಒಂದು ದಿನ, ಉಳಿದದ್ದು ಇನ್ನೊಂದು ದಿನ ಆಗಿದ್ದರೆ ಎರಡೂ ಮೊತ್ತ, ಎರಡೂ ತಾರೀಕು ಅಗ್ರಿಮೆಂಟಿನಲ್ಲಿ ಇರಬೇಕು. ಟೋಕನ್ ಲೆಕ್ಕದಿಂದ ಬಿಟ್ಟುಹೋಗುವುದು ಬಹಳ ಸಾಮಾನ್ಯ.

ಹಂತ 4: ಅಗ್ರಿಮೆಂಟ್

ಟೈಪಿಂಗ್ ಅಂಗಡಿಗೆ ಹೋಗಿ "ರೆಂಟಲ್ ಅಗ್ರಿಮೆಂಟ್" ಅಂದರೆ ಅವರ ಕಂಪ್ಯೂಟರಿನಲ್ಲಿ ಒಂದು ನಮೂನೆ ಇದ್ದೇ ಇರುತ್ತದೆ. ಹೆಸರು, ಬಾಡಿಗೆ, ಅಡ್ವಾನ್ಸ್ ತುಂಬಿ ಇ-ಸ್ಟಾಂಪ್ ಹಚ್ಚಿ ಕೊಟ್ಟುಬಿಡುತ್ತಾರೆ. ಈ ನಮೂನೆ ಸಾಮಾನ್ಯವಾಗಿ ಓನರ್ ಪರ ವಾಲಿರುತ್ತದೆ. ಟೈಪ್ ಮಾಡಿಸುವ ಮೊದಲು ಮೊಬೈಲಿಗೆ ಕಳಿಸಿ ಅಂತ ಕೇಳಿ, ರಾತ್ರಿ ಕೂತು ಓದಿ.

ಅಗ್ರಿಮೆಂಟ್ ಸಾಮಾನ್ಯವಾಗಿ ಹನ್ನೊಂದು ತಿಂಗಳಿಗೆ ಇರುತ್ತದೆ. ಯಾಕೆ ಅಂದರೆ, ಒಂದು ವರ್ಷ ದಾಟಿದ ಗುತ್ತಿಗೆಯನ್ನು ಉಪನೋಂದಣಿ ಕಚೇರಿಯಲ್ಲಿ ನೋಂದಣಿ ಮಾಡಿಸಲೇಬೇಕು. ಆ ಖರ್ಚು, ಓಡಾಟ ತಪ್ಪಿಸಲು ಈ ಹನ್ನೊಂದು. ಇದರಲ್ಲಿ ತಪ್ಪೇನಿಲ್ಲ. ಆದರೆ ಮೂರು ವರ್ಷಕ್ಕೆ ಅಂತ ಬರೆದು ನೋಂದಣಿ ಮಾಡಿಸದೆ ಬಿಟ್ಟರೆ ಆ ಕಾಗದ ನ್ಯಾಯಾಲಯದಲ್ಲಿ ಸೊರಗುತ್ತದೆ.

ಅಡ್ವಾನ್ಸ್ ವಾಪಸಾತಿಯ ಸಾಲು ನಮೂನೆಯಲ್ಲಿ ಹೀಗಿರುತ್ತದೆ: "ಮನೆ ಖಾಲಿ ಮಾಡಿದ ನಂತರ ಠೇವಣಿಯನ್ನು ಹಿಂತಿರುಗಿಸಲಾಗುವುದು." ನಂತರ ಅಂದರೆ ಯಾವಾಗ? ಮಾರನೇ ದಿನವೂ ನಂತರವೇ, ಮುಂದಿನ ವರ್ಷವೂ ನಂತರವೇ. ಆ ಸಾಲು ತೆಗೆಸಿ, ಇದನ್ನು ಹಾಕಿಸಿ:

"ಬಾಡಿಗೆದಾರರು ಮನೆಯ ಸ್ವಾಧೀನ ಮತ್ತು ಕೀಗಳನ್ನು ಬಿಟ್ಟುಕೊಟ್ಟ ದಿನವೇ, ಬಾಕಿ ಬಾಡಿಗೆ, ವಿದ್ಯುತ್ ಮತ್ತು ನೀರಿನ ಬಿಲ್ ಹಾಗೂ ರಸೀದಿ ಸಮೇತ ತೋರಿಸಿದ ರಿಪೇರಿ ಖರ್ಚನ್ನು ಮಾತ್ರ ಕಳೆದು, ಉಳಿದ ಠೇವಣಿಯನ್ನು ಮಾಲೀಕರು ಬ್ಯಾಂಕ್ ಮೂಲಕ ಹಿಂತಿರುಗಿಸತಕ್ಕದ್ದು. ಹೊಸ ಬಾಡಿಗೆದಾರರು ಬಂದಿಲ್ಲವೆಂಬುದು ತಡಕ್ಕೆ ಕಾರಣವಾಗತಕ್ಕದ್ದಲ್ಲ."

ಕೊನೆಯ ವಾಕ್ಯಕ್ಕೆ ಕೆಲವರು ತಕರಾರು ಮಾಡುತ್ತಾರೆ. ಅದೇ ದಿನ ಅನ್ನುವುದನ್ನು ಹದಿನೈದು ದಿನಕ್ಕೆ ಬಿಟ್ಟುಕೊಡಿ, ಆದರೆ ಒಂದು ಗಡುವು ಇರಲೇಬೇಕು.

ಪೇಂಟಿಂಗ್ ಬಗ್ಗೆ ಸ್ವಲ್ಪ ನಿಧಾನವಾಗಿ ನೋಡೋಣ, ಜಗಳ ಹೆಚ್ಚು ಆಗುವುದೇ ಇಲ್ಲಿ. ಬಾಡಿಗೆದಾರ ಮನೆಯನ್ನು ಪಡೆದ ಸ್ಥಿತಿಯಲ್ಲೇ ಒಪ್ಪಿಸಬೇಕು, ದಿನಬಳಕೆಯ ಸವೆತ ಬಿಟ್ಟು ಅನ್ನುತ್ತದೆ 1882ರ ಕಾಯ್ದೆ. ಎರಡು ವರ್ಷದಲ್ಲಿ ಗೋಡೆ ಸ್ವಲ್ಪ ಮಾಸುವುದು ಸವೆತವೇ. ಆದರೆ "ಖಾಲಿ ಮಾಡುವಾಗ ಒಂದು ತಿಂಗಳ ಬಾಡಿಗೆ ಪೇಂಟಿಂಗ್‌ಗೆ ಕಡಿತ" ಅಂತ ಬರೆದು ನೀವು ಸಹಿ ಹಾಕಿದರೆ ಆ ಮಾತೇ ನಡೆಯುತ್ತದೆ. ಬೆಂಗಳೂರಿನಲ್ಲಿ ಈ ಸಾಲು ಪೂರ್ತಿ ತೆಗೆಸುವುದು ಕಷ್ಟ. ಮೂರು ದಾರಿ ಇವೆ. ನಿಜವಾದ ಖರ್ಚು, ಬಿಲ್ ತೋರಿಸಿ, ಒಂದು ತಿಂಗಳ ಬಾಡಿಗೆ ಮೀರದಂತೆ ಅಂತ ಬರೆಸಿ. ವರ್ಷದೊಳಗೆ ಬಿಟ್ಟರೆ ಅರ್ಧ ಅಂತ ಕೇಳಿ. ನೀವು ಬರುವಾಗ ಹೊಸ ಬಣ್ಣ ಹೊಡೆಸಿರದಿದ್ದರೆ ಕಡಿತವೇ ಇಲ್ಲ ಅನ್ನಿ. ಹಳೇ ಬಣ್ಣದ ಮನೆಗೆ ಬಂದು, ಹೋಗುವಾಗ ಹೊಸ ಬಣ್ಣದ ದುಡ್ಡು ಕೊಡುವುದು ಯಾವ ನ್ಯಾಯ, ಅಲ್ವಾ?

ಲಾಕ್-ಇನ್ ಅನ್ನುವ ಸಾಲಿದ್ದರೆ ಎಚ್ಚರ. ಆರು ತಿಂಗಳೊಳಗೆ ಬಿಟ್ಟರೆ ಅಡ್ವಾನ್ಸ್ ಪೂರ್ತಿ ಮುಟ್ಟುಗೋಲು ಅಂತ ಬರೆದಿರುತ್ತಾರೆ. 1872ರ ಕರಾರು ಕಾಯ್ದೆಯ ಪ್ರಕಾರ ದಂಡ ಎಷ್ಟೇ ಬರೆದಿದ್ದರೂ ನ್ಯಾಯಾಲಯ ಕೊಡಿಸುವುದು ಸಮಂಜಸ ಪರಿಹಾರ ಮಾತ್ರ. ಆದರೆ ಅದಕ್ಕಾಗಿ ನ್ಯಾಯಾಲಯದ ತನಕ ಹೋಗುವ ಬದಲು ಈಗಲೇ ಒಂದು ತಿಂಗಳ ಬಾಡಿಗೆಗೆ ಇಳಿಸಿಕೊಳ್ಳಿ. ನೋಟಿಸ್ ಎರಡೂ ಕಡೆಗೆ ಒಂದೇ ಇರಲಿ, ಒಂದು ತಿಂಗಳು ಅಥವಾ ಎರಡು.

ಸಹಿ ಪ್ರತಿ ಪುಟಕ್ಕೂ, ಸಾಕ್ಷಿಗಳು ಇಬ್ಬರು. ಇ-ಸ್ಟಾಂಪಿನ ಮೇಲೆ ಮೊದಲ ಪಕ್ಷ, ಎರಡನೇ ಪಕ್ಷ ಅಂತ ಇರುವಲ್ಲಿ ಹೆಸರುಗಳು ಸರಿಯಾಗಿವೆಯಾ ನೋಡಿ. ಮೂಲ ಪ್ರತಿ ಓನರ್ ಇಟ್ಟುಕೊಂಡರೆ, ಸಹಿಯಾದ ಪ್ರತಿಯನ್ನು ಅಲ್ಲೇ ಸ್ಕ್ಯಾನ್ ಮಾಡಿಕೊಳ್ಳಿ.

ಭೋಗ್ಯಕ್ಕೆ ಹೋಗುವವರಿಗೆ ಬೇರೆ ಮಾತು

ಬಾಡಿಗೆ ಇಲ್ಲ, ಹತ್ತು ಹದಿನೈದು ಲಕ್ಷ ಒಟ್ಟಿಗೆ ಕೊಡಿ, ಬಿಡುವಾಗ ಪೂರ್ತಿ ವಾಪಸ್. ಇದು ಭೋಗ್ಯ, ಊರ ಮಾತಿನಲ್ಲಿ ಲೀಸ್. ಕೇಳಲು ಚೆನ್ನಾಗಿದೆ. ಆದರೆ ಇಷ್ಟು ದೊಡ್ಡ ಮೊತ್ತ ಬೇಕಾದ ಓನರ್‌ಗೆ ಬೇರೆ ಸಾಲವೂ ಇರುವ ಸಾಧ್ಯತೆ ಜಾಸ್ತಿ. ಅವರು ಬ್ಯಾಂಕಿಗೆ ಕಂತು ಕಟ್ಟದಿದ್ದರೆ ಬ್ಯಾಂಕು ಮನೆ ವಶಕ್ಕೆ ಪಡೆಯಲು ಬರುತ್ತದೆ, ಆಗ ನಿಮ್ಮ ಲಕ್ಷಗಳಿಗೆ ಓನರ್ ಹಿಂದೆ ಬೀಳಬೇಕಾಗುತ್ತದೆ.

ಆಸ್ತಿ ನೋಂದಣಿಯ ಕಾವೇರಿ ಪೋರ್ಟಲ್‌ನಿಂದ ಮನೆಯ ಮೇಲೆ ನೋಂದಣಿಯಾದ ಸಾಲ ಇದೆಯಾ ಅಂತ ತೋರಿಸುವ ಋಣಭಾರ ಪ್ರಮಾಣ ಪತ್ರ ತೆಗೆಸಿ. ಅದಷ್ಟೇ ಸಾಲದು. ಮೂಲ ಕ್ರಯಪತ್ರ ಕಣ್ಣಾರೆ ನೋಡಿ. ಜೆರಾಕ್ಸ್ ಮಾತ್ರ ತೋರಿಸಿದರೆ ಮೂಲ ಪತ್ರ ಬ್ಯಾಂಕಿನಲ್ಲೋ ಖಾಸಗಿಯಾಗಿ ಸಾಲ ಕೊಟ್ಟವರ ಹತ್ತಿರವೋ ಇರಬಹುದು. ಭೋಗ್ಯದ ಪತ್ರವನ್ನು ನೋಂದಣಿ ಮಾಡಿಸಿ. ಇನ್ನೊಂದು ಮೋಸವೂ ನಗರದಲ್ಲಿ ನಡೆದಿದೆ. ಮಧ್ಯದ ಕಂಪನಿಯೊಂದು ಓನರ್‌ನಿಂದ ಮನೆಯನ್ನು ಬಾಡಿಗೆಗೆ ಪಡೆದು, ನಿಮಗೆ ಭೋಗ್ಯಕ್ಕೆ ಕೊಡುತ್ತದೆ. ನಿಮ್ಮ ದುಡ್ಡು ಅವರ ಕೈಗೆ. ಕೆಲವು ತಿಂಗಳು ಓನರ್‌ಗೆ ಬಾಡಿಗೆ ಕಟ್ಟಿ ಆಮೇಲೆ ನಾಪತ್ತೆ. ಓನರ್ ಬಂದು ಬಾಡಿಗೆ ಎಲ್ಲಿ ಅಂತ ಕೇಳಿದಾಗಲೇ ನಿಮಗೆ ವಿಷಯ ಗೊತ್ತಾಗುವುದು. ಮನೆಯ ನಿಜವಾದ ಓನರ್ ಸಹಿ ಇಲ್ಲದ ಭೋಗ್ಯ ಬೇಡವೇ ಬೇಡ.

ಹಂತ 5: ಹಾಲು ಉಕ್ಕಿಸುವ ಮೊದಲು ವಿಡಿಯೋ

ಸಾಮಾನು ಇಳಿಸುವ ಮುಂಚೆ, ಖಾಲಿ ಮನೆಯಲ್ಲಿ ಬಾಗಿಲಿನಿಂದ ಶುರು ಮಾಡಿ ಒಂದೇ ಓಟದಲ್ಲಿ ವಿಡಿಯೋ ತೆಗೆಯಿರಿ. ಗೋಡೆಯ ಮೊಳೆ ತೂತು, ಬಚ್ಚಲು ಮನೆ ಗೋಡೆಯ ತೇವ, ಒಡೆದ ಟೈಲ್ಸ್, ಸೊಳ್ಳೆ ಪರದೆಯ ಹರಿದ ಮೂಲೆ, ಅಡುಗೆ ಮನೆ ಸಿಂಕ್ ಕೆಳಗಿನ ಪ್ಲೈವುಡ್ ಉಬ್ಬಿದ್ದರೆ ಅದು. ನಲ್ಲಿ ಬಿಟ್ಟು ತೋರಿಸಿ, ಫ್ಲಶ್ ಒತ್ತಿ, ಗೀಸರ್ ಹಾಕಿ, ಫ್ಯಾನ್ ತಿರುಗಿಸಿ. ಕೊನೆಗೆ ಮೀಟರ್ ರೀಡಿಂಗ್. ಅದೇ ದಿನ ಓನರ್ ವಾಟ್ಸಾಪ್‌ಗೆ ಕಳಿಸಿ, ಕೆಳಗೆ ದೋಷಗಳ ಪಟ್ಟಿ ಬರೆಯಿರಿ. ಅವರು "ಸರಿ" ಅಂದರೆ ಅದೇ ನಿಮ್ಮ ಕಾಗದ. ಬರೀ ನಿಮ್ಮ ಫೋನಿನಲ್ಲೇ ಉಳಿದ ವಿಡಿಯೋಗಿಂತ ಓನರ್‌ಗೆ ಅವತ್ತೇ ಕಳಿಸಿದ ವಿಡಿಯೋಗೆ ತೂಕ ಜಾಸ್ತಿ.

ಹಂತ 6: ನಡುವಿನ ವರ್ಷಗಳು

ನವೀಕರಣದ ಅಗ್ರಿಮೆಂಟ್ ಮಾಡುವಾಗ ಅಡ್ವಾನ್ಸ್ ಸಾಲನ್ನು ಮತ್ತೆ ಓದಿ. ಇಂಥ ತಾರೀಕಿನಂದು ಕೊಟ್ಟ ಇಷ್ಟು ರೂಪಾಯಿ ಠೇವಣಿ ಮುಂದುವರಿದಿದೆ ಅಂತ ಸ್ಪಷ್ಟವಾಗಿ ಇರಬೇಕು. ಬಾಡಿಗೆ ಏರಿತು, ಅಡ್ವಾನ್ಸೂ ಏರಿಸಿ ಅಂದರೆ, ಅಗ್ರಿಮೆಂಟಿನಲ್ಲಿ ಹಾಗೆ ಇಲ್ಲದಿದ್ದರೆ ಕೊಡಬೇಕಾಗಿಲ್ಲ.

ನಲ್ಲಿ, ಮೋಟರ್, ಗೀಸರ್ ಕೆಟ್ಟಾಗ ನೀವು ರಿಪೇರಿ ಮಾಡಿಸಿದರೆ ಮೊದಲು ಮೆಸೇಜ್, ಆಮೇಲೆ ಬಿಲ್, ಆಮೇಲೆ ಬಾಡಿಗೆಯಲ್ಲಿ ಕಡಿತ. "ಕೊನೆಗೆ ಅಡ್ವಾನ್ಸಿನಲ್ಲಿ ನೋಡೋಣ" ಅನ್ನುವ ಮಾತು ಕೊನೆಗೆ ಯಾರಿಗೂ ನೆನಪಿರುವುದಿಲ್ಲ.

ಓನರ್ ಮನೆ ಮಾರಿದರೆ ಹಳಬರು, ಹೊಸಬರು ಇಬ್ಬರಿಂದಲೂ ಒಂದು ಪತ್ರ ಬರೆಸಿಕೊಳ್ಳಿ: ಇಷ್ಟು ಅಡ್ವಾನ್ಸ್ ಹೊಸಬರಿಗೆ ವರ್ಗವಾಗಿದೆ, ವಾಪಸ್ ಕೊಡುವ ಹೊಣೆ ಅವರದು. ಇಲ್ಲದಿದ್ದರೆ ಮುಂದೆ ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸುತ್ತಾರೆ.

ಮೂರು ನಾಲ್ಕು ಜನ ಸ್ನೇಹಿತರು ಸೇರಿ ಇರುವ ಮನೆಯಲ್ಲಿ ಒಬ್ಬರು ಬಿಟ್ಟು ಹೊಸಬರು ಬಂದರೆ, ಅಡ್ವಾನ್ಸ್ ಪಾಲು ಅವರವರ ನಡುವೆಯೇ ಕೈ ಬದಲಾಗುತ್ತದೆ. ಓನರ್ ಕಣ್ಣಿಗೆ ಮಾತ್ರ ಅಗ್ರಿಮೆಂಟಿನ ಹೆಸರೇ ಲೆಕ್ಕ. ಪ್ರತಿ ಬದಲಾವಣೆಯನ್ನೂ ಓನರ್‌ಗೆ ಬರೆದು ತಿಳಿಸಿ.

ಹಂತ 7: ಖಾಲಿ ಮಾಡುವ ನೋಟಿಸ್

ಬಾಯಿಮಾತಿನಲ್ಲಿ ಹೇಳಿ ಬಿಟ್ಟರೆ ಆಗಲಿಲ್ಲ. ಇಂಥ ತಾರೀಕಿಗೆ ಖಾಲಿ ಮಾಡುತ್ತೇವೆ, ಅವತ್ತು ಅಡ್ವಾನ್ಸ್ ಬೇಕು ಅಂತ ಮೆಸೇಜ್ ಅಥವಾ ಮೇಲ್ ಹಾಕಿ. ಅಗ್ರಿಮೆಂಟ್ ಮುಗಿದು ಹಾಗೇ ಮುಂದುವರಿದಿದ್ದರೆ, ತಿಂಗಳ ಬಾಡಿಗೆಗೆ 1882ರ ಕಾಯ್ದೆ ಹೇಳುವ ನೋಟಿಸ್ ಹದಿನೈದು ದಿನ.

ಇಲ್ಲಿ ಮೊದಲು ಹೇಳಿದ್ದನ್ನು ನೆನಪಿಡಿ. ಓನರ್ ನಿಮಗೆ ಕೊಡಬೇಕಾದ ದುಡ್ಡು ಮುಂದಿನವರಿಂದ ಬರಬೇಕು. ಹಾಗಾಗಿ ಮನೆ ನೋಡಲು ಬರುವವರಿಗೆ ಬಾಗಿಲು ತೆರೆಯಿರಿ, ಮನೆ ಚೊಕ್ಕಟವಾಗಿಡಿ, ನಿಮ್ಮ ಆಫೀಸಿನಲ್ಲಿ ಯಾರಾದರೂ ಹುಡುಕುತ್ತಿದ್ದರೆ ಹೇಳಿ. ಓನರ್‌ಗೆ ಉಪಕಾರ ಅಂತಲ್ಲ, ನಿಮ್ಮ ದುಡ್ಡಿಗೇ.

"ಕೊನೆಯ ತಿಂಗಳುಗಳ ಬಾಡಿಗೆ ಅಡ್ವಾನ್ಸಿನಲ್ಲಿ ಮುರಿದುಕೊಳ್ಳಿ" ಅನ್ನುವ ಉಪಾಯ ಎಲ್ಲರಿಗೂ ಗೊತ್ತು. ಅಗ್ರಿಮೆಂಟಿನಲ್ಲಿ ಅವಕಾಶ ಇಲ್ಲದೆ ಬಾಡಿಗೆ ನಿಲ್ಲಿಸಿದರೆ ಕರಾರು ಮುರಿದವರು ನೀವೇ ಆಗುತ್ತೀರಿ. ಆದರೆ ಓನರ್ ಹತ್ತಿರ ದುಡ್ಡಿಲ್ಲ ಅನ್ನುವುದು ಸ್ಪಷ್ಟವಾಗಿದ್ದರೆ ಇಬ್ಬರಿಗೂ ಇದು ಒಳ್ಳೆ ದಾರಿ. ಎರಡು ತಿಂಗಳ ಬಾಡಿಗೆ ಮುರಿದರೆ ಅವರು ಹೊಂದಿಸಬೇಕಾದ ಮೊತ್ತವೂ ಇಳಿಯುತ್ತದೆ. ಹಾಗೆ ಹೇಳಿ ಒಪ್ಪಿಸಿ, ಒಪ್ಪಿಗೆ ಮೆಸೇಜಿನಲ್ಲಿ ಬರಲಿ.

ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಗೆ ಈ ಮನೆಯ ಮೀಟರಿನ ಆರ್‌ಆರ್ ನಂಬರಿನ ಜೊತೆ ನಿಮ್ಮ ಆಧಾರ್ ಜೋಡಿಸಿದ್ದರೆ ಅದನ್ನೂ ಬಿಡಿಸಿ. ಇಲ್ಲದಿದ್ದರೆ ಹೊಸ ಮನೆಗೆ ಜೋಡಿಸಲು ಆಗುವುದಿಲ್ಲ, ಮುಂದೆ ಬರುವವರಿಗೂ ತೊಂದರೆ.

ಹಂತ 8: ಲೆಕ್ಕ ಮುಗಿಸುವ ದಿನ

ಸಾಮಾನು ಹೋದ ಮೇಲೆ ಓನರ್ ಜೊತೆಯಲ್ಲೇ ಮನೆ ಸುತ್ತಿ. ಹಳೇ ವಿಡಿಯೋ ಕೈಯಲ್ಲಿರಲಿ. ಅಲ್ಲೇ ನಿಂತು ಲೆಕ್ಕ ಬರೆಯಿರಿ. ಅಡ್ವಾನ್ಸ್ 1,50,000 ಇದ್ದ ಮನೆಯ ಲೆಕ್ಕ ಹೀಗಿರಬಹುದು:

ಪೇಂಟಿಂಗ್, ಬಿಲ್ ಪ್ರಕಾರ: 15,000
ಕರೆಂಟ್, ಕೊನೆಯ ರೀಡಿಂಗ್ ತನಕ: 870
ನೀರು: 450
ಅಡುಗೆ ಮನೆ ನಲ್ಲಿ, ನಾವು ಮುರಿದದ್ದು: 600
ಒಟ್ಟು ಕಡಿತ: 16,920
ವಾಪಸ್ ಬರಬೇಕಾದದ್ದು: 1,33,080

ಗೀಸರ್ ಕಾಯಿಲ್ ಹೋಗಿದೆ, ಅದನ್ನೂ ಸೇರಿಸಿ ಅಂದರೆ? ಬಳಸಿ ಬಳಸಿ ಹೋದ ಕಾಯಿಲ್ ಸವೆತಕ್ಕೆ ಸೇರಿದ್ದು, ಓನರ್ ಖರ್ಚು. ನೀವೇ ಬೀಳಿಸಿ ಒಡೆದ ವಾಶ್ ಬೇಸಿನ್ ನಿಮ್ಮ ಖರ್ಚು. ಈ ಗೆರೆ ಎಲ್ಲ ವಸ್ತುವಿಗೂ ಎಳೆಯಬಹುದು. "ಸುಮಾರಾಗಿ ಇಪ್ಪತ್ತು ಸಾವಿರ ಹಿಡ್ಕೋತೀನಿ" ಅನ್ನುವುದಕ್ಕೆ ಮಾತ್ರ ಒಪ್ಪಬೇಡಿ. ಏನಕ್ಕೆ ಎಷ್ಟು, ಬಿಲ್ ಎಲ್ಲಿ, ಇಷ್ಟೇ ಪ್ರಶ್ನೆ. ದನಿ ಏರಿಸುವ ಅಗತ್ಯವಿಲ್ಲ.

ಕೀ ಕೊಡುವುದು ಯಾವಾಗ? ದುಡ್ಡು ಖಾತೆಗೆ ಬಂದ ಮೆಸೇಜ್ ನೋಡಿದ ಮೇಲೆ. ಆದರೆ ಕೀ ಹಿಡಿದುಕೊಂಡು ವಾರಗಟ್ಟಲೆ ಕೂತರೆ ಆ ದಿನಗಳ ಬಾಡಿಗೆಯೂ ನಿಮ್ಮ ತಲೆಗೇ ಬರಬಹುದು. ಇವತ್ತು ಆಗಲ್ಲ, ಇಂಥ ದಿನ ಕೊಡ್ತೀನಿ ಅಂದರೆ ಮೊತ್ತ ಮತ್ತು ದಿನ ಬರೆಸಿ ಸಹಿ ಹಾಕಿಸಿ, ಆ ತಾರೀಕಿನ ಚೆಕ್ ಇಸ್ಕೊಂಡು ಕೀ ಕೊಡಿ, ಕೀ ಕೊಟ್ಟದ್ದಕ್ಕೂ ಒಂದು ಸಾಲು ಬರೆಸಿಕೊಳ್ಳಿ.

ಆ ಚೆಕ್ಕಿಗೆ ಬೆಲೆ ಇದೆ. ದುಡ್ಡಿಲ್ಲದೆ ವಾಪಸಾದರೆ ಅದು ಕ್ರಿಮಿನಲ್ ಪ್ರಕರಣ ಆಗಬಲ್ಲದು. ಬ್ಯಾಂಕಿನ ಸೂಚನೆ ಕೈಗೆ ಬಂದ 30 ದಿನದೊಳಗೆ ಲಿಖಿತ ನೋಟಿಸ್ ಕಳಿಸಬೇಕು. ನೋಟಿಸ್ ತಲುಪಿ 15 ದಿನವಾದರೂ ಕೊಡದಿದ್ದರೆ, ಅಲ್ಲಿಂದ ಒಂದು ತಿಂಗಳೊಳಗೆ ದೂರು. ತಾರೀಕು ತಪ್ಪಿದರೆ ಈ ದಾರಿ ಮುಚ್ಚಿಕೊಳ್ಳುವ ಸಾಧ್ಯತೆಯೇ ಜಾಸ್ತಿ. ಚೆಕ್ಕನ್ನೂ ಅದರ ಮೇಲಿನ ತಾರೀಕಿನಿಂದ ಮೂರು ತಿಂಗಳೊಳಗೆ ಬ್ಯಾಂಕಿಗೆ ಹಾಕಬೇಕು.

ಹಂತ 9: ಕೊಡದೇ ಇದ್ದರೆ

ಮೊದಲು ಪೊಲೀಸ್ ಠಾಣೆ ನೆನಪಾಗುತ್ತದೆ. ಹೋದರೆ ಸಾಮಾನ್ಯವಾಗಿ ಸಿಗುವ ಉತ್ತರ "ಇದು ಸಿವಿಲ್ ಮ್ಯಾಟರ್". ಅದು ತಪ್ಪೂ ಅಲ್ಲ. ಓನರ್ ಅಲ್ಲದವರು ಓನರ್ ಅಂತ ಹೇಳಿ ದುಡ್ಡು ತಿಂದಿದ್ದರೆ, ಒಂದೇ ಮನೆಯನ್ನು ಇಬ್ಬರಿಗೆ ಕೊಟ್ಟಿದ್ದರೆ ಅದು ವಂಚನೆ, ಆಗ ದೂರು ಕೊಡಿ. ಬರೀ ತಡ ಮಾಡುತ್ತಿರುವ ಓನರ್‌ಗೆ ದಾರಿ ಬೇರೆ.

ಮೊದಲು ನೀವೇ ಒಂದು ಪತ್ರ ಬರೆಯಿರಿ. ಕೊಟ್ಟ ತಾರೀಕು, ಮೊತ್ತ, ಖಾಲಿ ಮಾಡಿದ ತಾರೀಕು, ಒಪ್ಪಿದ ಕಡಿತ, ಬಾಕಿ, ಹದಿನೈದು ದಿನದ ಗಡುವು. ಬೈಗುಳ ಬೇಡ, ಮುಂದೆ ಈ ಪತ್ರವನ್ನು ನ್ಯಾಯಾಧೀಶರೂ ಓದಬಹುದು. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ತಲುಪಿದ ದಾಖಲೆ ಇಟ್ಟುಕೊಳ್ಳಿ. ಉತ್ತರ ಬರದಿದ್ದರೆ ವಕೀಲರ ನೋಟಿಸ್, ಬಡ್ಡಿ ಸಮೇತ ಕೇಳಿ. ಬಹಳಷ್ಟು ಓನರ್‌ಗಳಿಗೆ ಹಳೇ ಬಾಡಿಗೆದಾರರಿಗಾಗಿ ಕೋರ್ಟಿಗೆ ಅಲೆಯುವ ಉತ್ಸಾಹ ಇರುವುದಿಲ್ಲ. ಮಾತುಕತೆ ಮತ್ತೆ ಶುರುವಾಗುವುದು ಇಲ್ಲೇ. ಎರಡು ಮೂರು ಕಂತಿನಲ್ಲಿ ಕೊಡ್ತೀನಿ ಅಂದರೆ, ಪ್ರತಿ ಕಂತಿಗೂ ತಾರೀಕು ಹಾಕಿದ ಚೆಕ್ ಸಿಗುವುದಾದರೆ, ನನ್ನ ಪ್ರಕಾರ ಒಪ್ಪಿಕೊಳ್ಳಬಹುದು.

ಅದೂ ಆಗದಿದ್ದರೆ ಕೇಸು ಹಾಕುವ ಮೊದಲು ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು. ಇಬ್ಬರನ್ನೂ ಕರೆಸಿ ರಾಜಿ ಮಾಡಿಸಲು ನೋಡುತ್ತಾರೆ. ಅವರು ನಡೆಸುವ ಲೋಕ ಅದಾಲತ್‌ನಲ್ಲಿ ಆದ ರಾಜಿಗೆ ನ್ಯಾಯಾಲಯದ ಡಿಕ್ರಿಯಷ್ಟೇ ಬಲ ಇದೆ, ಮೇಲ್ಮನವಿ ಇಲ್ಲ. ಕರ್ನಾಟಕ ರಾಜ್ಯ ಪ್ರಾಧಿಕಾರದ ಕಚೇರಿ ಬೆಂಗಳೂರಿನ ಎಚ್. ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿದೆ. ಕಾನೂನು ನೆರವಿನ ಸಹಾಯವಾಣಿ 15100. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ, ಕಡಿಮೆ ಆದಾಯದವರಿಗೆ ವಕೀಲರ ನೆರವೂ ಉಚಿತ.

ಕೊನೆಯದು ಹಣ ವಸೂಲಿಯ ದಾವೆ. ದುಡ್ಡು ವಾಪಸ್ ಬರಬೇಕಾದ ದಿನದಿಂದ ಮೂರು ವರ್ಷದೊಳಗೆ ಹಾಕಬೇಕು. "ಮುಂದಿನ ತಿಂಗಳು, ಮುಂದಿನ ತಿಂಗಳು" ಅನ್ನುತ್ತ ವರ್ಷಗಳು ಕಳೆದುಹೋಗುವುದು ಹೀಗೆಯೇ. ಬಾಕಿ ಹದಿನೈದು ಇಪ್ಪತ್ತು ಸಾವಿರದ ಒಳಗಿದ್ದರೆ ವಕೀಲರ ಫೀಸು, ರಜೆ ಹಾಕಿ ಓಡಾಡುವ ಖರ್ಚು ಎಲ್ಲ ಕೂಡಿಸಿ ನೋಡಿ, ನೋಟಿಸಿಗೇ ನಿಲ್ಲಿಸುವುದು ಲೇಸು ಅನ್ನಿಸಬಹುದು. ಲಕ್ಷದ ಮೇಲಿದ್ದರೆ ಬಿಡಬೇಡಿ. ಅಗ್ರಿಮೆಂಟ್, ಬ್ಯಾಂಕ್ ಸ್ಟೇಟ್‌ಮೆಂಟ್, ಮೆಸೇಜುಗಳು, ವಿಡಿಯೋ, ಪೋಸ್ಟಿನ ದಾಖಲೆ, ಇವಿಷ್ಟನ್ನು ತಾರೀಕಿನ ಪ್ರಕಾರ ಜೋಡಿಸಿ ಒಂದು ಫೈಲ್ ಮಾಡಿಕೊಂಡೇ ವಕೀಲರ ಹತ್ತಿರ ಹೋಗಿ.